ಹಡಗಿನ ಫಾರ್ಮಲ್ ನೈಟ್‌ಗೆ ಸೂಟು ಹೊಲಿಸಬೇಕಾ, ಪಂಚೆ ಸಾಕಾ?

ಪ್ರಶ್ನೆ: ನನಗೆ 63 ವರ್ಷ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ ಇದೆ. ಮಗಳು ಅಳಿಯ ಅಮೆರಿಕದ ಸಿಯಾಟಲ್‌ನಲ್ಲಿದ್ದಾರೆ. ಆಗಸ್ಟ್ ಕೊನೆಗೆ ನಮ್ಮಿಬ್ಬರನ್ನೂ ಬೆಂಗಳೂರಿನ ಬೀಗರನ್ನೂ ಕರೆಸಿಕೊಂಡು ಅಲಾಸ್ಕಕ್ಕೆ ಏಳು ರಾತ್ರಿಯ ಹಡಗಿನ ಪ್ರವಾಸ ಬುಕ್ ಮಾಡಿದ್ದಾರೆ. ಅದರಲ್ಲಿ ಎರಡು ರಾತ್ರಿ ಫಾರ್ಮಲ್ ನೈಟ್ ಅಂತೆ. ಬೀಗರು ಆಗಲೇ ಸೂಟು ಹೊಲಿಸಿ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ದಾರೆ. ನಾನು ನನ್ನ ಮದುವೆಯ ಆರತಕ್ಷತೆ ಬಿಟ್ಟರೆ ಕೋಟು ಹಾಕಿದವನಲ್ಲ. ಆ ಕೋಟು ಟ್ರಂಕಿನಲ್ಲಿ ಬೂಷ್ಟು ಹಿಡಿದು ಕೂತಿದೆ. ಎಲ್ಲ ಸಮಾರಂಭಕ್ಕೂ ನನಗೆ ಪಂಚೆ, ಬಿಳಿ ಶರ್ಟು, ಶಲ್ಯ. ಪಂಚೆ ಉಟ್ಟರೆ ಊಟದ ಹಾಲಿಗೆ ಬಿಡುವುದಿಲ್ಲ ಎಂದು ನೆಂಟರೊಬ್ಬರು ಹೇಳಿದರು. ಯೂಟ್ಯೂಬ್‌ನಲ್ಲಿ ನೋಡಿದರೆ ಈಗ ಯಾರೂ ಡ್ರೆಸ್ ನೋಡುವುದಿಲ್ಲ, ಚಡ್ಡಿಯಲ್ಲೂ ಹೋಗಬಹುದು ಎನ್ನುತ್ತಾರೆ. ನನ್ನ ಹೆಂಡತಿಗೆ ರೇಷ್ಮೆ ಸೀರೆ ಉಟ್ಟು ಎಲ್ಲರ ಜತೆ ಒಂದು ಒಳ್ಳೆಯ ಫೋಟೋ ತೆಗೆಸಿಕೊಳ್ಳುವ ಆಸೆ. "ಆ ಎರಡು ರಾತ್ರಿ ನಾನು ರೂಮಿನಲ್ಲೇ ಇರ್ತೇನೆ" ಎಂದಿದ್ದಕ್ಕೆ ಮಾತು ಬಿಟ್ಟಿದ್ದಾಳೆ. ಮಗಳಿಗೆ ಮುಜುಗರ ಆಗಬಾರದು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು ಬಟ್ಟೆಯದು, ಇನ್ನೊಂದು ಬೀಗರದು. ಮೊದಲನೆಯದು ಸುಲಭ.

ಶಿವಮೊಗ್ಗದಲ್ಲಿ ಕೂತು ಹೊರದೇಶದ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ಗುಂಪುಗಳ ಜತೆ ಹಡಗಿಗೂ ಹೋಗುತ್ತೇನೆ. ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು ಟಿಕೆಟ್ ಆದ ಕೂಡಲೇ ಊಟದ ಬಗ್ಗೆ ಕೇಳುತ್ತಾರೆ. ಅದು ಬಗೆಹರಿದ ಮೇಲೆ ದನಿ ತಗ್ಗಿಸಿ ಬಟ್ಟೆಯ ಬಗ್ಗೆ ಕೇಳುತ್ತಾರೆ. ದನಿ ಯಾಕೆ ತಗ್ಗುತ್ತದೆ ಎಂದು ನನಗೆ ಗೊತ್ತು. ಚಳಿಗೆ ಏನು ಹಾಕಬೇಕು ಎಂದು ಕೇಳಲು ಯಾರಿಗೂ ಸಂಕೋಚ ಇಲ್ಲ. "ನಮ್ಮನ್ನು ನೋಡಿ ನಗುತ್ತಾರಾ?" ಎಂದು ಕೇಳಲು ಸಂಕೋಚ. ನಿಮ್ಮದೂ ಅದೇ ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ. ಇದೊಂದು ಪ್ರವಾಸಕ್ಕಾಗಿ ಹೊಸ ಸೂಟು ಹೊಲಿಸಬೇಕಾಗಿಲ್ಲ. ಪಂಚೆ ಉಟ್ಟು ಹೋಗಬಹುದು. ಆದರೆ ಎಂಥ ಪಂಚೆ, ಹೇಗೆ ಉಡುತ್ತೀರಿ, ಕಾಲಿಗೆ ಏನು ಹಾಕುತ್ತೀರಿ ಎಂಬುದು ಮುಖ್ಯ. ಜತೆಗೆ ಹಡಗಿನವರನ್ನು ಮೊದಲೇ ಕೇಳಿ ಉತ್ತರ ತರಿಸಿಕೊಂಡಿರಬೇಕು. ರೂಮಿನಲ್ಲೇ ಇರುತ್ತೇನೆ ಎನ್ನುವುದು ಮಾತ್ರ ನಿಮ್ಮ ಮುಂದಿರುವ ದಾರಿಗಳಲ್ಲೆಲ್ಲ ಕೆಟ್ಟದ್ದು.

ಫಾರ್ಮಲ್ ನೈಟ್ ಎಂದರೆ ಏನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಹಡಗಿನಲ್ಲಿ ಊಟಕ್ಕೆ ಒಂದೇ ಜಾಗ ಇರುವುದಿಲ್ಲ. ಮೇಲಿನ ಡೆಕ್‌ನಲ್ಲಿ ಬಫೆ ಇರುತ್ತದೆ. ತಟ್ಟೆ ಹಿಡಿದು ಬೇಕಾದ್ದು ಬಡಿಸಿಕೊಂಡು ಕೂರುವುದು. ಕೆಳಗೆ ದೊಡ್ಡದೊಂದು ಡೈನಿಂಗ್ ಹಾಲ್. ಅಲ್ಲಿ ಮೇಜಿಗೆ ಬಂದು ಬಡಿಸುತ್ತಾರೆ. ಫಾರ್ಮಲ್ ನೈಟ್‌ನ ನಿಯಮ ಮುಖ್ಯವಾಗಿ ಈ ಹಾಲಿನ ಬಾಗಿಲಿಗೆ, ಅದೂ ರಾತ್ರಿಯ ಊಟದ ಹೊತ್ತಿಗೆ ಮಾತ್ರ. ಅದೇ ಹೊತ್ತಿನಲ್ಲಿ ಮೇಲೆ ಬಫೆಯಲ್ಲಿ ಜನ ಸ್ವೆಟರ್ ಹಾಕಿಕೊಂಡು ಅನ್ನ, ಪಿಜ್ಜಾ ತಿನ್ನುತ್ತಿರುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಕೋಟಿಲ್ಲದವರು ಆ ರಾತ್ರಿ ಉಪವಾಸ ಎಂಬ ಮಾತು ಸುಳ್ಳು.

ಬಾಗಿಲಲ್ಲಿ ನಿಂತವರು ನಿಜವಾಗಿ ತಡೆಯುವುದು ಯಾರನ್ನು? ಚಡ್ಡಿ ಹಾಕಿ ಬಂದವರನ್ನು. ಬನಿಯನ್ ಥರದ ತೋಳಿಲ್ಲದ ಅಂಗಿ, ಈಜುಡುಗೆ, ಹರಿದ ಜೀನ್ಸ್, ಬರಿಗಾಲು, ತಲೆ ಮೇಲೆ ಕ್ಯಾಪ್, ಇವೇ ಅವರ ಕಣ್ಣಿಗೆ ಬೀಳುವುದು. ಇಸ್ತ್ರಿ ಮಾಡಿದ ಪ್ಯಾಂಟು, ಕಾಲರಿನ ತುಂಬುತೋಳಿನ ಶರ್ಟು ಹಾಕಿ ಬಂದ ಹಿರಿಯರನ್ನು ಟೈ ಇಲ್ಲ ಎಂದು ವಾಪಸ್ ಕಳಿಸಿದ್ದನ್ನು ನಾನು ಈಗಿನ ದೊಡ್ಡ ಹಡಗುಗಳಲ್ಲಿ ನೋಡಿಲ್ಲ. ಹಾಗೆಂದು ಯೂಟ್ಯೂಬ್‌ನ ಮಾತನ್ನು ಪೂರ್ತಿ ನಂಬಬೇಡಿ. ಆ ವಿಡಿಯೋ ಮಾಡಿದವರು ಯಾವ ಹಡಗಿನಲ್ಲಿದ್ದರು ಎಂದು ನೋಡಿ. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಎರಡು ಮೂರು ರಾತ್ರಿ ಹೋಗಿ ಬರುವ ಹಡಗಿನ ವಾತಾವರಣವೇ ಬೇರೆ. ಅದು ರಜೆಯ ಗಲಾಟೆ. ಏಳು ರಾತ್ರಿಯ ಅಮೆರಿಕದ ಹಡಗಿಗೆ ಅದೇ ಲೆಕ್ಕ ಹಿಡಿದು ಚಡ್ಡಿಯಲ್ಲಿ ಹಾಲಿಗೆ ಹೋದರೆ ಮುಜುಗರ ಖಂಡಿತ.

ಈ ಪದ್ಧತಿ ಬಂದಿದ್ದೆಲ್ಲಿಂದ ಎಂದು ತಿಳಿದರೆ ನಿಮ್ಮ ಹೆದರಿಕೆ ಅರ್ಧ ಹೋಗುತ್ತದೆ. ವಿಮಾನ ಇಲ್ಲದ ಕಾಲದಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಹೋಗಲು ಹಡಗೇ ಗತಿ. ಅದರಲ್ಲಿ ದರ್ಜೆಗಳಿದ್ದವು. 1912ರಲ್ಲಿ ಮುಳುಗಿದ ಟೈಟಾನಿಕ್‌ನಂಥ ಹಡಗುಗಳಲ್ಲಿ ಮೊದಲ ದರ್ಜೆಯ ಶ್ರೀಮಂತರು ತಮ್ಮ ಮನೆಯಲ್ಲಿ ಮಾಡುತ್ತಿದ್ದಂತೆಯೇ ರಾತ್ರಿಯೂಟಕ್ಕೆ ಬೇರೆ ಉಡುಪು ಹಾಕುತ್ತಿದ್ದರು. ಅವರಿಗೂ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ವಿನಾಯಿತಿ ಇತ್ತು. ಮೊದಲ ದಿನ ಪೆಟ್ಟಿಗೆ ಬಿಚ್ಚಿರುವುದಿಲ್ಲ, ಕೊನೆಯ ದಿನ ಕಟ್ಟಿ ಆಗಿರುತ್ತದೆ. ಈಗಲೂ ಆ ಎರಡು ರಾತ್ರಿ ಫಾರ್ಮಲ್ ಇಡುವುದಿಲ್ಲ. 1958ರಲ್ಲಿ ಅಟ್ಲಾಂಟಿಕ್ ದಾಟುವ ಜೆಟ್ ವಿಮಾನಗಳು ಶುರುವಾದವು. ಕೆಲವೇ ವರ್ಷಗಳಲ್ಲಿ ಹಡಗುಗಳಿಗೆ ಜನ ಇಲ್ಲದಂತಾಯಿತು. ಆಮೇಲೆ ಕಂಪನಿಗಳು ಊರು ಮುಟ್ಟಿಸುವುದನ್ನು ಬಿಟ್ಟು ವಿಹಾರ ಮಾರತೊಡಗಿದವು. ಹಳೆಯ ಶ್ರೀಮಂತರ ರಾತ್ರಿಯೂಟವನ್ನೂ ಸಾಮಾನ್ಯ ಜನರಿಗೆ ಒಂದು ಅನುಭವ ಎಂದು ಮಾರಿದವು.

ಅಂದರೆ ಅಲ್ಲಿ ಕೋಟು ಹಾಕಿ ಕೂತವರು ರಾಜಮನೆತನದವರಲ್ಲ. ನಿವೃತ್ತ ಟೀಚರ್, ಅಂಗಡಿ ಇಟ್ಟವರು, ನಿಮ್ಮ ಹಾಗೆ ತೋಟ ಜಮೀನು ಇರುವವರು. ವರ್ಷಕ್ಕೊಮ್ಮೆ ಕೋಟು ಹಾಕುವವರೇ ಅವರಲ್ಲೂ ಜಾಸ್ತಿ. ಇನ್ನೊಂದು ಗುಟ್ಟು ಹೇಳುತ್ತೇನೆ. ಆ ರಾತ್ರಿ ಮೆಟ್ಟಿಲ ಬಳಿ, ಪರದೆ ಮುಂದೆ ಹಡಗಿನ ಫೋಟೋಗ್ರಾಫರ್‌ಗಳು ಸಾಲಾಗಿ ನಿಂತಿರುತ್ತಾರೆ. ಫೋಟೋ ತೆಗೆಯುವುದಕ್ಕೆ ಕಾಸಿಲ್ಲ. ಪ್ರಿಂಟ್ ಬೇಕೆಂದರೆ ಬೆಲೆ ಕೇಳಿ ಬೆವರು ಬರುತ್ತದೆ. ಜನ ಸಿಂಗಾರವಾದಷ್ಟೂ ಅವರಿಗೆ ವ್ಯಾಪಾರ.

ಆದರೆ ಕಂಪನಿಯಿಂದ ಕಂಪನಿಗೆ ನಿಯಮ ಬೇರೆ. ನೀವು ಹೆಸರು ಬರೆದಿಲ್ಲ. ನಾರ್ವೇಜಿಯನ್ ಎಂಬ ಕಂಪನಿಯದಾದರೆ ಚಿಂತೆಯೇ ಬೇಡ. ಅವರು 2000ದಲ್ಲೇ ಕಡ್ಡಾಯದ ಫಾರ್ಮಲ್ ರಾತ್ರಿ ಕೈಬಿಟ್ಟು ಸಲೀಸಾದ ಪದ್ಧತಿಗೆ ಬಂದರು. ಕಾರ್ನಿವಲ್, ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಹಾಲೆಂಡ್ ಅಮೆರಿಕಗಳಲ್ಲಿ ಹೆಸರು ಬೇರೆ ಬೇರೆ ಇಟ್ಟು ಒಂದೋ ಎರಡೋ ಅಂಥ ರಾತ್ರಿ ಇಡುತ್ತಾರೆ. ಚೆನ್ನಾಗಿ ಉಟ್ಟು ಬನ್ನಿ ಎನ್ನುತ್ತಾರೆ, ಟೈಗಾಗಿ ಹಟ ಮಾಡುವುದಿಲ್ಲ. ಪ್ರಿನ್ಸೆಸ್‌ನಲ್ಲಿ ಇನ್ನೊಂದು ಮಟ್ಟ ಜಾಸ್ತಿ. ನಿಜವಾಗಿ ಕಟ್ಟುನಿಟ್ಟು ಇರುವುದು ಬ್ರಿಟಿಷರ ಹಳೆಯ ಕಂಪನಿ ಕ್ಯೂನಾರ್ಡ್‌ನಲ್ಲಿ. 2004ರಿಂದ ಓಡುತ್ತಿರುವ ಕ್ವೀನ್ ಮೇರಿ 2 ಅವರದೇ. ಅಲ್ಲಿ ಗಾಲಾ ಎಂದು ಕರೆಯುವ ಫಾರ್ಮಲ್ ರಾತ್ರಿ ಗಂಡಸರಿಗೆ ಡಿನ್ನರ್ ಜಾಕೆಟ್ ಎಂಬ ರಾತ್ರಿಯೂಟದ ಕೋಟು ಅಥವಾ ಕಡು ಬಣ್ಣದ ಸೂಟು, ಟೈ ಬೇಕು. ಊಟದ ಹಾಲ್ ಒಂದೇ ಅಲ್ಲ, ಸಂಜೆ ಆರರ ಮೇಲೆ ಹಡಗಿನ ಬಹುಪಾಲು ಜಾಗಕ್ಕೆ ಆ ನಿಯಮ ಅನ್ವಯ. ಮಜಾ ಏನೆಂದರೆ, ಅಷ್ಟು ಕಟ್ಟುನಿಟ್ಟಿನ ಕ್ಯೂನಾರ್ಡ್‌ನವರೇ ತಂತಮ್ಮ ದೇಶದ ಸಾಂಪ್ರದಾಯಿಕ ವಿಶೇಷ ಉಡುಪಿನಲ್ಲಿ ಬರಬಹುದು ಎಂದು ನಿಯಮದಲ್ಲೇ ಬರೆದಿದ್ದಾರೆ. ಸ್ಕಾಟ್ಲೆಂಡಿನವರು ಮಂಡಿವರೆಗಿನ ಚೌಕಳಿ ಲಂಗ ಉಟ್ಟು ಆ ಹಾಲಿನಲ್ಲಿ ಗಂಭೀರವಾಗಿ ಸೂಪು ಕುಡಿಯುತ್ತಾರೆ. ನಿಮ್ಮ ಪಂಚೆ ಅದಕ್ಕಿಂತ ಉದ್ದ ಇದೆ.

ಇನ್ನು ಅಲಾಸ್ಕ ಪ್ರವಾಸ ಎಂದರೆ ಸ್ವಲ್ಪ ಸಡಿಲವೇ. ಜನರ ಪೆಟ್ಟಿಗೆ ತುಂಬ ಮಳೆ ಕೋಟು, ಉಣ್ಣೆ ಬಟ್ಟೆ, ದಪ್ಪ ಶೂ ಇರುತ್ತವೆ. ಸೂಟಿಗೆ ಜಾಗ ಎಲ್ಲಿ? ಹಾಗಾಗಿ ಅಲ್ಲಿ ಬ್ಲೇಜರ್ ಮಾತ್ರ ಹಾಕಿದವರು, ಬರೀ ಶರ್ಟಿನವರು ಧಾರಾಳವಾಗಿ ಕಾಣುತ್ತಾರೆ. ಫಾರ್ಮಲ್ ರಾತ್ರಿಯನ್ನು ಹೆಚ್ಚಾಗಿ ಹಡಗು ಯಾವ ಊರಿನಲ್ಲೂ ನಿಲ್ಲದ ದಿನ ಇಡುತ್ತಾರೆ. ಊರು ಸುತ್ತಿ ದಣಿದು ಬಂದವರು ಸಿಂಗಾರ ಮಾಡಿಕೊಳ್ಳಲಾರರು. ಸಿಯಾಟಲ್‌ನಿಂದ ಹೊರಟ ಮರುದಿನ ಹಡಗು ಸಾಮಾನ್ಯವಾಗಿ ಸಮುದ್ರದಲ್ಲೇ ಇರುತ್ತದೆ. ಆದ್ದರಿಂದ ಎರಡನೇ ರಾತ್ರಿಗೇ ತಯಾರಾಗಿರಿ.

ಈಗ ಪಂಚೆಯ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇದನ್ನು ಬೇರೆ ಯಾರೂ ನಿಮಗೆ ಹೇಳುವುದಿಲ್ಲ.

ಅಳತೆಗೋಲು ಇಷ್ಟೇ: ಬೀಗರ ಮನೆಯ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಲು ಹೇಗೆ ಉಡುತ್ತೀರೋ ಹಾಗೆ ಉಡಿ. ತೋಟಕ್ಕೆ ಉಡುವ ಪಂಚೆ, ಸೊಸೈಟಿ ಮೀಟಿಂಗಿಗೆ ಉಡುವ ಪಂಚೆ ಬೇಡ. ಜರಿ ಅಂಚಿನ ರೇಷ್ಮೆ ಪಂಚೆ ಆದರೆ ಒಳ್ಳೆಯದು. ಬಿಳಿ ಹತ್ತಿಯ ಪಂಚೆ ಮನೆಯಲ್ಲಿ ಗಂಜಿ ಹಾಕಿದಾಗ ಚೆಂದ. ಪೆಟ್ಟಿಗೆಯಲ್ಲಿ ಹತ್ತು ದಿನ ಮಡಚಿಟ್ಟರೆ ಅದರ ಮುಖ ನೋಡುವಂತಿರುವುದಿಲ್ಲ. ಮೇಲೆ ತುಂಬುತೋಳಿನ ರೇಷ್ಮೆ ಶರ್ಟು ಅಥವಾ ಜುಬ್ಬಾ, ಅದರ ಮೇಲೆ ಕಡು ಬಣ್ಣದ ನೆಹರು ಜಾಕೆಟ್. ಈ ಜಾಕೆಟ್ಟೇ ಇಡೀ ಉಡುಪನ್ನು ಎತ್ತಿ ಹಿಡಿಯುವುದು. ಕೋಟಿಗೆ ಒಗ್ಗಿದ ಕಣ್ಣಿಗೆ ಇದು ವಿಶೇಷ ಉಡುಪು ಎಂದು ತಕ್ಷಣ ತಿಳಿಯುತ್ತದೆ. ಶಲ್ಯ ಹೆಗಲ ಮೇಲೆ ಮಡಿಕೆ ಹಾಕಿ ಪಿನ್ ಹಾಕಿ. ಜಾರಿ ಸೂಪಿನ ತಟ್ಟೆಗೆ ಬೀಳುವುದು ಬೇಡ.

ಕಾಲಿಗೆ ಹವಾಯಿ ಚಪ್ಪಲಿ ಖಂಡಿತ ಬೇಡ. ಮುಂದೆ ಮುಚ್ಚಿದ ಜುತ್ತಿ ಅಥವಾ ಸಾದಾ ಕಪ್ಪು ಶೂ. ಅಭ್ಯಾಸಬಲದಿಂದ ಪಂಚೆಯನ್ನು ಮಂಡಿಗೆ ಎತ್ತಿ ಕಟ್ಟುವ ಹಾಗಿಲ್ಲ. ಇದನ್ನು ನಗುವುದಕ್ಕೆ ಹೇಳುತ್ತಿಲ್ಲ. ಮೆಟ್ಟಿಲು ಕಂಡ ಕೂಡಲೇ ನಮ್ಮ ಕಡೆಯ ಗಂಡಸರ ಕೈ ತಾನಾಗಿಯೇ ಅಂಚಿಗೆ ಹೋಗುತ್ತದೆ. ಹಡಗು ಸ್ವಲ್ಪ ಓಲಾಡಿದರೆ ಸಡಿಲ ಪಂಚೆ ಕೈಕೊಡುತ್ತದೆ. ಆದ್ದರಿಂದ ಕಚ್ಚೆ ಹಾಕಿ, ಇಲ್ಲದಿದ್ದರೆ ವೆಲ್ಕ್ರೋ ಹಚ್ಚಿದ ರೆಡಿಮೇಡ್ ಪಂಚೆ ತೆಗೆದುಕೊಳ್ಳಿ. ನಮ್ಮ ಗಾಂಧಿ ಬಜಾರಿನಲ್ಲೇ ಸಿಗುತ್ತದೆ. ಅದರ ಜೇಬಿನಲ್ಲಿ ರೂಮಿನ ಕಾರ್ಡು ಇಡಬಹುದು. ಹಡಗಿನಲ್ಲಿ ಬಾಗಿಲು ತೆಗೆಯುವುದರಿಂದ ಹಿಡಿದು ಬಿಲ್ಲಿನವರೆಗೆ ಎಲ್ಲಕ್ಕೂ ಆ ಕಾರ್ಡೇ.

ಚಳಿಗೆ ಹೆದರಬೇಡಿ. ಒಳಗೆ ಬೆಚ್ಚಗಿರುತ್ತದೆ. ಡೆಕ್‌ಗೆ ಹೋಗುವ ಮನಸ್ಸಿದ್ದರೆ ಪಂಚೆಯೊಳಗೆ ಥರ್ಮಲ್ ಪ್ಯಾಂಟು ಹಾಕಿ. ಯಾರಿಗೂ ಕಾಣುವುದಿಲ್ಲ.

ಅಂದಹಾಗೆ, ಊಟದ ಮುಂಚೆ ಬಾಯಲ್ಲಿ ಕವಳ ಬೇಡ. ಅಡಿಕೆ ಬೆಳೆಗಾರರಿಗೇ ಹೀಗೆ ಹೇಳುವುದು ಸಂಕಟ. ಆದರೆ ಹಡಗಿನಲ್ಲಿ ಉಗುಳಲು ಜಾಗ ಇಲ್ಲ, ಕೆಳಗೆಲ್ಲ ಕಾರ್ಪೆಟ್. ಹಸಿ ವೀಳ್ಯದೆಲೆ ಅಮೆರಿಕದ ಕಸ್ಟಮ್ಸ್ ದಾಟುವುದೂ ಕಷ್ಟ.

ಪಂಚೆಯಲ್ಲಿ ಅಪಾಯ ಇಲ್ಲವೇ ಎಂದರೆ ಇದೆ. ಬಾಗಿಲಲ್ಲಿ ನಿಂತವರು ಬೇರೆ ಬೇರೆ ದೇಶದವರು. ಸೀರೆ, ಶೇರ್ವಾನಿ ಅವರೆಲ್ಲ ನೋಡಿರುತ್ತಾರೆ. ಪಂಚೆ ನೋಡಿರದ ಒಬ್ಬ ಹುಡುಗ ಅನುಮಾನದಿಂದ ಒಂದು ನಿಮಿಷ ನಿಲ್ಲಿಸಬಹುದು. ಅದಕ್ಕೇ ಹಡಗಿನ ಕಂಪನಿಗೆ ಮಗಳಿಂದ ಒಂದು ಮೇಲ್ ಬರೆಸಿ. ನಿಮ್ಮ ಪಂಚೆ ಜಾಕೆಟ್ಟಿನ ಫೋಟೋ ಹಾಕಿ, "ನಮ್ಮ ತಂದೆ ಭಾರತದ ಈ ಸಾಂಪ್ರದಾಯಿಕ ಉಡುಪಿನಲ್ಲಿ ಬರುತ್ತಾರೆ, ಆಗುತ್ತದಲ್ಲವೇ" ಎಂದು ಕೇಳಲಿ. ಬಂದ ಉತ್ತರ ಫೋನಿನಲ್ಲಿರಲಿ. ಆಗುವುದಿಲ್ಲ ಎಂದು ಬರೆದರೆ ಮನೆಯಲ್ಲೇ ಗೊತ್ತಾಯಿತಲ್ಲ, ಬಾಗಿಲಲ್ಲಿ ಅಲ್ಲ. ಎರಡನೆಯ ತೊಂದರೆ ಇದಕ್ಕೆ ತಿರುಗುಮುರುಗು. ಗುರುತಿಲ್ಲದವರು ಬಂದು ನಿಮ್ಮ ಜತೆ ಫೋಟೋ ಕೇಳುತ್ತಾರೆ, ಇದನ್ನು ಹೇಗೆ ಉಡುವುದು ಎಂದು ಕೇಳುತ್ತಾರೆ. ಕೆಲವರಿಗೆ ಇದು ಖುಷಿ, ಸಂಕೋಚದವರಿಗೆ ಹಿಂಸೆ. ನೀವು ಯಾವ ಕಡೆ ಎಂದು ನಿಮಗೇ ಗೊತ್ತು. ಹಿಂಸೆ ಎನಿಸಿದರೆ ಪಂಚೆಯ ಬದಲು ಅದೇ ಜುಬ್ಬಾ ಜಾಕೆಟ್ಟಿನ ಕೆಳಗೆ ಪ್ಯಾಂಟು ಹಾಕಿ. ಯಾರೂ ತಿರುಗಿ ನೋಡುವುದಿಲ್ಲ. ಹೇಗೂ ಒಂದು ಒಳ್ಳೆಯ ಕಪ್ಪು ಪ್ಯಾಂಟು ಪೆಟ್ಟಿಗೆಯಲ್ಲಿರಲಿ.

ಕೋಟೇ ಬೇಕು ಅನಿಸಿದರೆ? ಅದೂ ತಪ್ಪಲ್ಲ. ಆದರೆ ಮಲೆನಾಡಿನ ಮನೆಗಳಲ್ಲಿ ಕೋಟಿಗೂ ಶೂಗೂ ಒಂದು ಶತ್ರು ಇದೆ, ತೇವ. ಟ್ರಂಕಿನ ಕೋಟನ್ನು ಈಗ ಬಿಸಿಲಿರುವಾಗಲೇ ಹೊರಗೆ ತೆಗೆಯಿರಿ. ಬೂಷ್ಟನ್ನು ಒಣ ಬ್ರಷ್‌ನಿಂದ ಅಂಗಳದಲ್ಲೇ ಉದುರಿಸಿ, ಮನೆಯೊಳಗೆ ಬೇಡ. ಆಮೇಲೆ ಡ್ರೈಕ್ಲೀನ್‌ಗೆ ಕೊಡಿ. ನುಸಿ ಗುಳಿಗೆಯ ವಾಸನೆ ಡ್ರೈಕ್ಲೀನ್ ಆದ ಮೇಲೂ ಸುಲಭಕ್ಕೆ ಬಿಡುವುದಿಲ್ಲ, ವಾರಗಟ್ಟಲೆ ಗಾಳಿಗೆ ತೂಗುಹಾಕಬೇಕು. ಮಳೆ ಹಿಡಿದ ಮೇಲೆ ಇದ್ಯಾವುದೂ ಆಗುವ ಕೆಲಸವಲ್ಲ. ಮದುವೆಯ ಕೋಟು ಈಗ ಹೊಟ್ಟೆ ಮೇಲೆ ಗುಂಡಿ ಕೂಡುತ್ತದಾ ಎನ್ನುವುದು ಬೇರೆ ಮಾತು. ಕೂಡದಿದ್ದರೆ ಒತ್ತಾಯ ಮಾಡಬೇಡಿ. ಉಸಿರು ಬಿಗಿಹಿಡಿದು ನಾಲ್ಕೈದು ಬಗೆಯ ಊಟ ಮಾಡಲು ಆಗುವುದಿಲ್ಲ.

ಶೂ ಇನ್ನೂ ಮೋಸದ್ದು. ಕೊಪ್ಪ ಕಡೆಯ ಹಿರಿಯರೊಬ್ಬರು ಒಂದು ಗುಂಪಿನಲ್ಲಿ ಬಂದಿದ್ದರು. ಮಗನ ಮದುವೆಯಲ್ಲಿ ಒಂದೇ ಸಲ ಹಾಕಿದ ಶೂ, ನೋಡಲು ಹೊಸತರ ಹಾಗೆ ಹೊಳೆಯುತ್ತಿತ್ತು. ಫಾರ್ಮಲ್ ರಾತ್ರಿ ರೂಮಿನಿಂದ ಊಟದ ಹಾಲಿಗೆ ನಡೆದು ಬರುವಷ್ಟರಲ್ಲಿ ಅದರ ಅಟ್ಟೆ ಉದುರಿ, ಕಾರಿಡಾರಿನ ಕಾರ್ಪೆಟ್ ಮೇಲೆಲ್ಲ ಕಪ್ಪು ಪುಡಿ. ಈಗಿನ ಬಹಳಷ್ಟು ಶೂಗಳ ಅಟ್ಟೆ ಪಾಲಿಯುರಿಥೇನ್ ಎಂಬ ವಸ್ತುವಿನದು. ಗಾಳಿಯ ತೇವ ತಾಗಿ ತಾಗಿ ಅದು ಒಳಗಿನಿಂದಲೇ ಒಡೆಯುತ್ತದೆ. ಹಾಕದೆ ಕಪಾಟಿನಲ್ಲಿಟ್ಟರೂ ಬಿಡುವುದಿಲ್ಲ. ಆಗುಂಬೆಯ ಮಳೆಯ ಊರಿನಲ್ಲಿ ಕೇಳಬೇಕೇ? ನಿಮ್ಮ ಶೂ ಹಳೆಯದಾಗಿದ್ದರೆ ಹೊರಡುವ ತಿಂಗಳ ಮುಂಚೆ ಅದನ್ನು ಹಾಕಿಕೊಂಡು ಪೇಟೆಗೆ ಹೋಗಿ ಒಂದು ಸುತ್ತು ನಡೆಯಿರಿ. ಉದುರುವುದಿದ್ದರೆ ತೀರ್ಥಹಳ್ಳಿಯಲ್ಲೇ ಉದುರಲಿ.

ಹೊಸದಾಗಿ ಹೊಲಿಸುವುದಿದ್ದರೆ ಪೂರ್ತಿ ಸೂಟಿನ ಬದಲು ಒಂದು ಜೋಧಪುರಿ ಕೋಟು ಹೊಲಿಸಿ. ಟೈ ಬೇಡ, ಕೊರಳುಪಟ್ಟಿ ಮುಚ್ಚಿದ್ದು, ಆಮೇಲೆ ಊರ ಮದುವೆಗಳಿಗೂ ಆಗುತ್ತದೆ. ಈಗ ಮದುವೆ ಸೀಸನ್, ದುರ್ಗಿಗುಡಿಯ ಟೈಲರ್‌ಗಳಿಗೆ ಪುರುಸೊತ್ತಿಲ್ಲ. ಆಷಾಢದಲ್ಲಿ ಕೊಡಿ, ನಿಧಾನವಾಗಿ ಅಳತೆ ನೋಡಿ ಹೊಲಿಯುತ್ತಾರೆ. ಬಾಡಿಗೆ ಕೋಟನ್ನು ಮಾತ್ರ ನಾನು ಹೇಳುವುದಿಲ್ಲ. ಒಂದು ದಿನದ ಮದುವೆಗೆ ಸರಿ. ವಾರಗಟ್ಟಲೆ ಹೊರದೇಶಕ್ಕೆ ಒಯ್ಯುತ್ತೇನೆ ಎಂದರೆ ಬಾಡಿಗೆಯೇ ಹೊಸ ಬ್ಲೇಜರಿನ ಬೆಲೆಗೆ ಹೋಗುತ್ತದೆ.

ನಿಮ್ಮ ಮನೆಯವರ ಸೀರೆಯ ವಿಷಯಕ್ಕೆ ಬಂದರೆ ಅವರಿಗೆ ಯಾವ ಅಡ್ಡಿಯೂ ಇಲ್ಲ. ಫಾರ್ಮಲ್ ರಾತ್ರಿ ಸೀರೆ ಉಟ್ಟವರೇ ಎದ್ದು ಕಾಣುವುದು. ಸೀರೆ ಆರಿಸುವಾಗ ಮಾತ್ರ ಒಂದು ಮಾತು. ಕಂಚಿಯ ಭಾರಿ ಸೀರೆ ಪೆಟ್ಟಿಗೆಯಲ್ಲಿ ಮಡಿಕೆ ಬಿದ್ದರೆ ಜರಿ ಉದ್ದಕ್ಕೂ ಗೆರೆ ಉಳಿಯುತ್ತದೆ. ಹಡಗಿಗೆ ಇಸ್ತ್ರಿ ಪೆಟ್ಟಿಗೆ ಒಯ್ಯುವ ಹಾಗಿಲ್ಲ. ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ನಡುಸಮುದ್ರದಲ್ಲಿ ಬೆಂಕಿಗಿಂತ ದೊಡ್ಡ ಭಯ ಇಲ್ಲ, ಅದಕ್ಕೇ. ನೀರು ಕಾಯಿಸುವ ಕಾಯಿಲ್, ಊದುಬತ್ತಿ, ದೇವರ ದೀಪ ಎಲ್ಲಕ್ಕೂ ಇದೇ ನಿಯಮ. ಕೆಲವು ಹಡಗಿನಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಟಿರುತ್ತಾರೆ, ಕೆಲವದರಲ್ಲಿ ದುಡ್ಡು ಕೊಟ್ಟೇ ಮಾಡಿಸಬೇಕು. ಮೈಸೂರು ಸಿಲ್ಕ್ ಕ್ರೇಪ್ ಆದರೆ ಈ ತಾಪತ್ರಯ ಕಡಿಮೆ. ಹಗುರ, ಚಿಕ್ಕದಾಗಿ ಮಡಚಬಹುದು, ರಾತ್ರಿ ಹ್ಯಾಂಗರಿಗೆ ಹಾಕಿ ಸ್ನಾನದ ಕೋಣೆಯಲ್ಲಿ ತೂಗುಬಿಟ್ಟರೆ ಬಿಸಿನೀರಿನ ಹಬೆಗೆ ಸುಕ್ಕು ಬಹುಪಾಲು ಹೋಗುತ್ತದೆ. ಎತ್ತರದ ಹಿಮ್ಮಡಿ ಬೇಡ. ಓಲಾಡುವ ನೆಲದ ಮೇಲೆ ಕಾಲು ತಿರುಚುವುದು ಅದರಿಂದಲೇ. ಹೊದೆಯಲು ಒಂದು ಶಾಲು ಇರಲಿ. ಮಲ್ಲಿಗೆ ಮುಡಿಯುವ ಆಸೆಯಿದ್ದರೆ ಬಟ್ಟೆಯ ಮಾಲೆ ಒಯ್ಯಲಿ, ಹಸಿ ಹೂವಿಗೂ ಕಸ್ಟಮ್ಸ್‌ನ ಕಾಟ ಇದೆ. ಒಡವೆ ಒಂದೇ ಜತೆ ಸಾಕು. ಬೆಲೆಬಾಳುವಂಥದ್ದು ಒಯ್ಯುವುದಾದರೆ ಬೆಂಗಳೂರಿನಿಂದ ಹೊರಡುವಾಗಲೇ ಕಸ್ಟಮ್ಸ್‌ನವರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಇಲ್ಲದಿದ್ದರೆ ವಾಪಸ್ ಬರುವಾಗ ಇದು ಇಲ್ಲಿಂದಲೇ ಒಯ್ದಿದ್ದು ಎಂದು ವಾದಿಸುತ್ತಾ ನಿಲ್ಲಬೇಕಾಗುತ್ತದೆ.

ಹಡಗು ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ದಡದಲ್ಲೇ ತೆಗೆದುಕೊಳ್ಳುತ್ತಾರೆ. ರೂಮಿಗೆ ಬರುವುದು ಸಂಜೆಗೆ, ಕೆಲವೊಮ್ಮೆ ರಾತ್ರಿಗೆ. ಮಾತ್ರೆ, ಪಾಸ್‌ಪೋರ್ಟ್, ಒಡವೆ ಕೈಚೀಲದಲ್ಲಿರಲಿ. ಶಿವಮೊಗ್ಗದಿಂದಲೇ ವಿಮಾನ ಹತ್ತುವ ಯೋಚನೆಯಿದ್ದರೆ ಟಿಕೆಟ್ ಬೇರೆ ಬೇರೆ ಮಾಡಿಸಬೇಡಿ. ದೇಶದೊಳಗಿನ ಟಿಕೆಟ್‌ಗೆ ಸಾಮಾನ್ಯವಾಗಿ 15 ಕೆಜಿಯಷ್ಟೇ ಬಿಡುತ್ತಾರೆ, ಅಮೆರಿಕಕ್ಕೆ ಹೋಗುವವರ ಪೆಟ್ಟಿಗೆ ಅಷ್ಟರಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆಯವರಂತೂ ಮಗಳಿಗೆ ಹಪ್ಪಳ, ಉಪ್ಪಿನಕಾಯಿ ಸೇರಿಸಿಯೇ ಕಟ್ಟುವುದು.

ಇನ್ನು ಫಾರ್ಮಲ್ ರಾತ್ರಿಯನ್ನೇ ತಪ್ಪಿಸುವ ದಾರಿ. ಇದರಲ್ಲಿ ಅವಮಾನ ಏನೂ ಇಲ್ಲ, ಎಷ್ಟೋ ಜನ ಹಾಗೆ ಮಾಡುತ್ತಾರೆ. ಇಡೀ ಕುಟುಂಬ ಮೇಲಿನ ಬಫೆಗೆ ಹೋಗಿ ಉಂಡು, ನಾಟಕಮಂದಿರದಲ್ಲಿ ಹಾಡು ಕುಣಿತ ನೋಡಿ ಮಲಗಬಹುದು. ತೊಂದರೆ ಬರುವುದು ನೀವೊಬ್ಬರೇ ಹಿಂದುಳಿದಾಗ. ಡೈನಿಂಗ್ ಹಾಲಿನಲ್ಲಿ ನಿಮ್ಮ ಆರು ಜನಕ್ಕೆ ಒಂದು ಮೇಜು ಹಿಡಿದಿಟ್ಟಿರುತ್ತಾರೆ. ಐದು ಜನ ಸಿಂಗಾರವಾಗಿ ಬಂದು ಒಂದು ಕುರ್ಚಿ ಖಾಲಿ ಇದ್ದರೆ ಬಡಿಸುವವನು ಮೊದಲು ಕೇಳುವುದೇ "ಅವರಿಗೆ ಹುಷಾರಿಲ್ಲವೇ?" ಎಂದು. ಉತ್ತರ ಹೇಳಬೇಕಾದವಳು ನಿಮ್ಮ ಮಗಳು. ಅವಳಿಗೆ ಮುಜುಗರ ಆಗಬಾರದು ಎಂದು ಬರೆದಿದ್ದೀರಿ. ಪಂಚೆಯಿಂದ ಅವಳಿಗೆ ಮುಜುಗರ ಆಗುವುದಿಲ್ಲ, ಆ ಕುರ್ಚಿಯಿಂದ ಆಗುತ್ತದೆ. ಪಕ್ಕದಲ್ಲಿ ಬೀಗರು ಬೇರೆ ಕೂತಿರುತ್ತಾರೆ.

ಎರಡು ರಾತ್ರಿ ಇವೆಯಲ್ಲ, ಹಂಚಿಕೊಳ್ಳಿ. ಮೊದಲ ಫಾರ್ಮಲ್ ರಾತ್ರಿ ಎಲ್ಲರೂ ಉಟ್ಟು ತೊಟ್ಟು ಹಾಲಿಗೆ ಹೋಗಿ, ನಿಮ್ಮ ಮನೆಯವರ ಫೋಟೋ ಆಗಲಿ. ಹಡಗಿನವರ ಪ್ರಿಂಟ್ ಕೊಳ್ಳಲೇಬೇಕು ಎಂದಿಲ್ಲ, ಅಳಿಯಂದಿರ ಫೋನಿನಲ್ಲಿ ಅದೇ ಮೆಟ್ಟಿಲ ಮೇಲೆ ತೆಗೆಸಿಕೊಳ್ಳಿ. ಎರಡನೆಯ ರಾತ್ರಿ ಯಾರಿಗೆ ಬೇಕೋ ಅವರು ಹೋಗಲಿ. ಆಗ ನೀವು ಬಫೆಗೆ ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬೀಗರೂ ಒಂದು ರಾತ್ರಿ ಟೈ ಬಿಗಿದುಕೊಂಡು ಕೂತ ಮೇಲೆ ಎರಡನೆಯ ರಾತ್ರಿ ನಿಮ್ಮ ಜತೆ ಬಫೆಗೇ ಬಂದರೆ ನನಗೇನೂ ಆಶ್ಚರ್ಯ ಇಲ್ಲ.

ಬೀಗರ ವಿಷಯ ಇಷ್ಟೇ ನೋಡಿ. ಅವರು ಫೋಟೋ ಹಾಕಿದ್ದು ನಿಮಗೆ ಸವಾಲು ಎಂದು ನಿಮಗೆ ಅನ್ನಿಸಿದೆ. ನಾನು ನೋಡಿದ ಮಟ್ಟಿಗೆ ಮೊದಲು ಸೂಟು ಹೊಲಿಸಿ ಫೋಟೋ ಹಾಕುವವರೇ ಒಳಗೊಳಗೆ ಹೆಚ್ಚು ಹೆದರಿದವರು. ಒಂದು ಫೋನ್ ಮಾಡಿ. "ಸೂಟು ಚೆನ್ನಾಗಿದೆ ಬೀಗರೇ, ನಾನು ಪಂಚೆ ಜಾಕೆಟ್ ಹಾಕೋಣ ಅಂತಿದ್ದೇನೆ" ಎಂದು ಹೇಳಿಬಿಡಿ. ಅಲ್ಲಿ ಹೋಗಿ ತಟ್ಟನೆ ಪಂಚೆಯಲ್ಲಿ ಎದುರಾಗುವುದಕ್ಕಿಂತ ಈಗ ಹೇಳುವುದು ಒಳ್ಳೆಯದು. ಹೆಂಗಸರು ಸೀರೆಯ ಬಣ್ಣ ಮಾತಾಡಿಕೊಳ್ಳಲಿ. ಅದು ಹೇಗೂ ನಿಮ್ಮನ್ನು ಕೇಳಿ ನಡೆಯುವ ಮಾತಲ್ಲ.

ನೀವು ಕೇಳದ ಒಂದು ವಿಷಯ ಇದೆ. ಕೋಟಿಗಿಂತ ನನಗೆ ಅದರದೇ ಚಿಂತೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಅಲಾಸ್ಕದ ಹಡಗುಗಳು ದಾರಿಯಲ್ಲಿ ಕೆನಡಾದ ಒಂದು ಬಂದರಿನಲ್ಲಿ ನಿಲ್ಲುತ್ತವೆ, ಹೆಚ್ಚಾಗಿ ವಿಕ್ಟೋರಿಯಾದಲ್ಲಿ. ಅಮೆರಿಕದ 1886ರ ಒಂದು ಕಾಯ್ದೆಯ ಪ್ರಕಾರ ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಹೀಗೆ ಸುತ್ತು ಹಾಕಿ ಬರುವಾಗ ಒಮ್ಮೆಯಾದರೂ ಹೊರದೇಶದ ಬಂದರು ಮುಟ್ಟಲೇಬೇಕು. ನಿಂತಿರುವುದು ಕೆಲವೇ ಗಂಟೆ, ನೀವು ಇಳಿಯದೆಯೂ ಇರಬಹುದು. ಆದರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಜತೆಗೆ ಕೆನಡಾದ ವೀಸಾ ಬೇಕು. ಇಲ್ಲದಿದ್ದರೆ ಸಿಯಾಟಲ್‌ನಲ್ಲಿ ಹಡಗು ಹತ್ತಿಸುವುದೇ ಇಲ್ಲ. ಅಲ್ಲಿಂದ ಅಮೆರಿಕಕ್ಕೆ ಮರಳಿ ಬರುವುದರಿಂದ ಅಮೆರಿಕದ ವೀಸಾ ಮಲ್ಟಿಪಲ್ ಎಂಟ್ರಿಯದೇ ಆಗಿರಬೇಕು. ಕೆನಡಾದ ವೀಸಾ ಬರಲು ವಾರಗಳು ಹಿಡಿಯುತ್ತವೆ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿ ಬರಬೇಕಾಗುತ್ತದೆ. ನಾಲ್ವರ ಅರ್ಜಿಯೂ ಆಗಿದೆಯಾ ಎಂದು ಇವತ್ತೇ ಮಗಳಿಗೆ ಫೋನ್ ಮಾಡಿ ಕೇಳಿ. ಆಗಿಲ್ಲದಿದ್ದರೆ ಮಳೆಗಾಲ ಶುರುವಾಗಿ ತೋಟಕ್ಕೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿ ಬರುವ ಮುಂಚೆ ಆ ಕೆಲಸ ಮುಗಿಸಿ.